ಮಂಚದ ಕೆಳಗಿನ ಬೇಸ್ ಗಿಟಾರ್: ನಮ್ಮ ಬೇಸ್ ವಾದಕರಿಗೊಂದು ಬಹಿರಂಗ ಪತ್ರ

ಪ್ರಿಯ ಬೇಸ್ ಗೆಳೆಯರೆ, ಗೆಳತಿಯರೆ,

ಕಾಲೇಜು ಫೆಸ್ಟ್‌ಗಳಲ್ಲಿ ನುಡಿಸುವವರು, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವವರು, ಭಾನುವಾರ ಚರ್ಚಿನಲ್ಲಿ ಕ್ವಾಯರ್ ಜೊತೆ ನುಡಿಸುವವರು, ವಾರಾಂತ್ಯಕ್ಕೆ ಪಬ್ಬುಗಳಲ್ಲಿ ಶೋ ಕೊಡುವವರು, ಇನ್ನೂ ಬೇಸ್ ಕೊಳ್ಳಲಾಗದೆ ಅಣ್ಣನ ಗಿಟಾರಿನ ನಾಲ್ಕು ದಪ್ಪ ತಂತಿಗಳಲ್ಲೇ ಅಭ್ಯಾಸ ನಡೆಸಿರುವವರು, ಈ ಪತ್ರ ನಿಮ್ಮೆಲ್ಲರಿಗೂ.

ನಮ್ಮವರು ಇಬ್ಬರು ಎದುರಾದರೆ ಮೊದಲ ಮಾತು ವಾದ್ಯದ ಬೆಲೆಯದ್ದು. 'ಯಾವುದು ತಗೊಂಡ್ರಿ? ಎಷ್ಟಾಯ್ತು? ಸೆಕೆಂಡ್ ಹ್ಯಾಂಡಾ?' ಎರಡನೆಯ ಮಾತು ಬ್ಯಾಂಡಿನದ್ದು. 'ಈಗ ಯಾರ ಜೊತೆ ನುಡಿಸ್ತಿದೀರಿ?' ಮೊದಲನೆಯದಕ್ಕೆ ಉತ್ತರ ಗಂಟೆಗಟ್ಟಲೆ ಸಾಗುತ್ತದೆ. ಎರಡನೆಯದಕ್ಕೆ ಬಹಳ ಸಲ ಉತ್ತರವೇ ಇರುವುದಿಲ್ಲ. ಅದು ನನ್ನನ್ನು ಕಾಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಶಿವಮೊಗ್ಗ, ಹುಬ್ಬಳ್ಳಿ, ಹಾಸನ, ಕಲಬುರಗಿಯ ಕಾಲೇಜುಗಳಲ್ಲಿ ಬ್ಯಾಂಡ್ ಕಟ್ಟಲು ಹೊರಟವರನ್ನು ಕೇಳಿ ನೋಡಿ. ಗಿಟಾರ್ ಹಿಡಿದವರು ಮೂವರು ಇರುತ್ತಾರೆ, ಹಾಡುವವರು ಬೇಕಾದಷ್ಟು ಇರುತ್ತಾರೆ, ಡ್ರಮ್ಸ್ ನುಡಿಸುವವನೂ ಎಲ್ಲಿಂದಲೋ ಸಿಗುತ್ತಾನೆ. ಬೇಸ್‌ಗೆ ಮಾತ್ರ ಯಾರೂ ಇರುವುದಿಲ್ಲ. ಕೊನೆಗೆ ಕೀಬೋರ್ಡ್ ನುಡಿಸುವವರ ಎಡಗೈಗೆ ಆ ಕೆಲಸ ಹೋಗುತ್ತದೆ. ಆರ್ಕೆಸ್ಟ್ರಾಗಳಲ್ಲೂ ಈಗ ಹೆಚ್ಚಾಗಿ ಹೀಗೆಯೇ. ಒಬ್ಬರ ಸಂಭಾವನೆ ಉಳಿಯುತ್ತದೆ, ಒಂದು ವಾದ್ಯ ವೇದಿಕೆಯಿಂದ ಇಳಿಯುತ್ತದೆ. ಹುಡುಗರಿಗೆ ಆಸೆ ಇಲ್ಲವೆಂದಲ್ಲ. 'ಒಳ್ಳೆ ಬೇಸ್ ತುಂಬಾ ದುಬಾರಿಯಂತೆ, ಅಗ್ಗದ್ದು ತಗೊಂಡ್ರೆ ವೇಸ್ಟಂತೆ' ಎಂದು ಯಾರೋ ಹೇಳಿರುತ್ತಾರೆ. ಆ ಯಾರೋ ಬೇರೆಯವರಲ್ಲ, ನಾವೇ. ದೊಡ್ಡ ಬ್ರಾಂಡಿನ ಹೆಸರು ಹೇಳಿ ಹೇಳಿ, ಎಂಟು ಸಾವಿರದ ಬೇಸ್ ಹಿಡಿದು ಬಂದವನ ಮುಂದೆ ಮುಖ ಸಿಂಡರಿಸಿ, ನಮ್ಮ ಜೊತೆ ನಿಲ್ಲಬೇಕಾದವರನ್ನು ಬಾಗಿಲಲ್ಲೇ ನಿಲ್ಲಿಸಿದ್ದೇವೆ. ಅದೇ ಹೊತ್ತಿಗೆ ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ಒಂದೊಂದು ಬೇಸ್ ಮಂಚದ ಕೆಳಗೆ ಧೂಳು ಹಿಡಿದು ಮಲಗಿದೆ.

ಈ ವಾದ್ಯದ ಚರಿತ್ರೆಯನ್ನೇ ನೋಡಿ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದ. ಆಳೆತ್ತರದ ಡಬಲ್ ಬೇಸನ್ನು ಹೊತ್ತು ಊರೂರು ಅಲೆಯುತ್ತಿದ್ದ, ಬ್ಯಾಂಡಿನ ಗದ್ದಲದಲ್ಲಿ ಯಾರಿಗೂ ಕೇಳಿಸದೆ ಹೋಗುತ್ತಿದ್ದ ವಾದಕರಿಗೆ ಅದರಿಂದ ಅನುಕೂಲವಾಯಿತು. ಹತ್ತು ವರ್ಷದ ಮೇಲೆ, 1961ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರದ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸುತ್ತಿದ್ದ ಲಿವರ್‌ಪೂಲಿನ ಹುಡುಗನೊಬ್ಬನಿಗೆ ಬೇಸ್ ಬೇಕಾಯಿತು. ಬ್ಯಾಂಡಿನಲ್ಲಿ ಬೇಸ್ ಹಿಡಿದಿದ್ದವನು ಬಿಟ್ಟುಹೋಗಿದ್ದ, ಜಾಗ ಇವನ ಪಾಲಿಗೆ ಬಂದಿತ್ತು. ಫೆಂಡರ್ ಬೇಸ್‌ಗೆ ಸುಮಾರು ನೂರು ಪೌಂಡ್. ಅದು ಅವನ ಕೈಗೆಟುಕುವ ಮೊತ್ತವಾಗಿರಲಿಲ್ಲ. ಸುಮಾರು 30 ಪೌಂಡಿಗೆ ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಸಿಕ್ಕಿತು, ಕೊಂಡ. ಆ ಹುಡುಗ, ಪಾಲ್ ಮೆಕಾರ್ಟ್ನಿ, ಬೀಟಲ್ಸ್ ಬ್ಯಾಂಡಿನ ಮೊದಲ ಹಾಡುಗಳನ್ನು ನುಡಿಸಿದ್ದು ಆ ಅಗ್ಗದ ವಾದ್ಯದಲ್ಲೇ. 1972ರಲ್ಲಿ ಲಂಡನ್ನಿನಲ್ಲಿ ಅದು ಕಳುವಾಯಿತು. ಅರ್ಧ ಶತಮಾನ ಕಳೆದ ಮೇಲೆ ಪತ್ತೆಯಾಗಿ ಅವರಿಗೆ ಮರಳಿದ ಸುದ್ದಿ 2024ರಲ್ಲಿ ಬಂತು. ಎಷ್ಟು ಬೇಕಾದರೂ ಹಣ ಕೊಟ್ಟು ಯಾವ ಬೇಸ್ ಬೇಕಾದರೂ ಕೊಳ್ಳಬಲ್ಲ ಮನುಷ್ಯ ಆ 30 ಪೌಂಡಿನ ವಾದ್ಯ ಸಿಕ್ಕಿದ್ದಕ್ಕೆ ಸಂಭ್ರಮಪಟ್ಟರು.

ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್ ಕತೆ ಇನ್ನೂ ದೊಡ್ಡದು. ಮೋಟೌನ್ ಕಂಪನಿಯ ನೂರಾರು ಹಾಡುಗಳಿಗೆ ಆತ ಬೇಸ್ ನುಡಿಸಿದ್ದು ಬಲಗೈಯ ತೋರುಬೆರಳೊಂದರಿಂದ. ತುಂಡಾಗುವ ತನಕ ತಂತಿ ಬದಲಿಸುತ್ತಿರಲಿಲ್ಲ. ನಾವು ತಿಂಗಳಿಗೊಂದು ಬಗೆಯ ತಂತಿ, ಪೆಡಲ್, ಪಿಕಪ್ ಎಂದು ಹುಡುಕುತ್ತೇವಲ್ಲ, ಅದಾವುದೂ ಆತನ ಬಳಿ ಇರಲಿಲ್ಲ. ಆ ಹಾಡುಗಳ ರೆಕಾರ್ಡುಗಳ ಮೇಲೆ ಆತನ ಹೆಸರೂ ಇರಲಿಲ್ಲ. 1971ರಲ್ಲಿ ಗಾಯಕ ಮಾರ್ವಿನ್ ಗೇ ತನ್ನ ಆಲ್ಬಮ್ಮಿನ ಹೊದಿಕೆಯ ಮೇಲೆ ವಾದಕರ ಹೆಸರು ಹಾಕಿಸಿದಾಗ ಜಗತ್ತು ಮೊದಲ ಸಲ ಅದನ್ನು ಓದಿತು.

ಹೆಸರಿಲ್ಲದ ಈ ಪಾಡು ನಮಗೇನು ಹೊಸದಲ್ಲ. 1983ರ 'ಪಲ್ಲವಿ ಅನುಪಲ್ಲವಿ' ಚಿತ್ರದ 'ನಗುವ ನಯನ' ಹಾಡನ್ನು ಇವತ್ತು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಬೇಡಿ. ಬೇಸಿನ ದಪ್ಪ ತಂತಿಯ ಸ್ವರ ಸೆಕೆಂಡಿಗೆ ಸುಮಾರು 41 ಕಂಪನದ್ದು, ಆ ಸ್ಪೀಕರಿನಿಂದ ಅದು ಹೊರಡುವುದೇ ಇಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಹಾಡುತ್ತಿರುವಾಗ ಕೆಳಗೆ ಬೇಸ್ ತನ್ನದೇ ಇನ್ನೊಂದು ರಾಗವನ್ನು ಹೇಳುತ್ತಾ ಹೋಗುತ್ತದೆ. ಆ ಸಾಲನ್ನು ಬಾಯಲ್ಲಿ ಗುನುಗಿದರೆ ಅದೇ ಒಂದು ಹಾಡು. 1981ರ 'ಗೀತಾ' ಚಿತ್ರದ ಹಾಡುಗಳಲ್ಲೂ ಇದನ್ನು ಕೇಳಬಹುದು. ಎರಡೂ ಚಿತ್ರಗಳಿಗೆ ಸಂಗೀತ ಕೊಟ್ಟ ಇಳಯರಾಜ ಬೇಸ್‌ಗೆ ಕೊಟ್ಟ ಮರ್ಯಾದೆ ಅಂಥದ್ದು. ಆದರೂ ಕ್ಯಾಸೆಟ್ ಹೊದಿಕೆಗಳ ಮೇಲೆ ಬೇಸ್ ನುಡಿಸಿದವರ ಹೆಸರನ್ನು ನಾವು ಓದಲಿಲ್ಲ. ಆ ಹಾಡುಗಳಿಗೆ ಕುಣಿದ ನಾಡಿನಲ್ಲಿ ಬೇಸ್‌ಗೆ ಕಿವಿ ಇಲ್ಲವೆಂದು ನಾನು ಒಪ್ಪುವುದಿಲ್ಲ. ಕಿವಿ ಇದೆ, ಕೈಗೆ ವಾದ್ಯ ಕೊಡಬೇಕಾಗಿದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಹೊಸದೇ ಬೇಕೆಂದರೆ ಯಮಹಾದ ಟಿಆರ್‌ಬಿಎಕ್ಸ್ 174, ಐಬನೇಝ್‌ನ ಜಿಯೋ ಸಾಲು, ಕೋರ್ಟ್‌ನ ಆಕ್ಷನ್, ಫೆಂಡರ್ ಕಂಪನಿಯ ಅಗ್ಗದ ಸಾಲಾದ ಸ್ಕ್ವಯರ್, ಇವುಗಳಲ್ಲಿ ಯಾವುದಾದರೂ ಸರಿ. ಮಾದರಿ ನೋಡಿಕೊಂಡು ಒಂದು ಮಧ್ಯಮ ದರ್ಜೆಯ ಮೊಬೈಲಿನ ಬೆಲೆಗೆ ಸಿಗುತ್ತವೆ. ಬಳಸಿದ್ದಾದರೆ ಇನ್ನೂ ಅಗ್ಗ, ಮತ್ತು ನನ್ನ ಓಟು ಬಳಸಿದ್ದಕ್ಕೇ. ಎರಡು ಮೂರು ಮಳೆಗಾಲ ಕಂಡ ಮರದ ಗುಣ ಕೊಳ್ಳುವಾಗಲೇ ಗೊತ್ತಾಗುತ್ತದೆ. ಮೊದಲ ಬೇಸ್‌ಗೆ ನಾಲ್ಕು ತಂತಿ ಸಾಕು. ಬ್ಯಾಟರಿ ಬೇಡದ ಪ್ಯಾಸಿವ್ ಮಾದರಿಯೇ ಒಳ್ಳೆಯದು. ಆಕ್ಟಿವ್ ಬೇಸಿನಲ್ಲಿ ಕೇಬಲ್ ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಇಳಿದುಹೋಗಿ, ಸರಿಯಾಗಿ ಪ್ರೋಗ್ರಾಂ ಹೊತ್ತಿಗೆ ಸ್ವರ ಒಡೆಯುತ್ತದೆ. ಕೈ ಚಿಕ್ಕದೆಂದು ಹಿಂಜರಿಯುವವರಿಗೆ 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಇದೆ. ಮಾಮೂಲಿನದ್ದು 34 ಇಂಚು. ಮೆಕಾರ್ಟ್ನಿಯ ಹಾಫ್ನರ್ ಕೂಡ ಶಾರ್ಟ್ ಸ್ಕೇಲಿನದ್ದೇ. ಹಾಗಾಗಿ ಅದು ಮಕ್ಕಳ ವಾದ್ಯ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಆಂಪ್ಲಿಫೈಯರ್‌ಗೆ ಮೊದಲೇ ದುಡ್ಡು ಸುರಿಯಬೇಡಿ. ಮನೆಯಲ್ಲಿ ಹೆಡ್‌ಫೋನ್ ಆಂಪ್ ಸಾಕು. ಜಾಮ್ ರೂಮಿನಲ್ಲಿ ಆಂಪ್ ಅವರದ್ದೇ ಇರುತ್ತದೆ. ವೇದಿಕೆಯಲ್ಲಿ ಸೌಂಡಿನವರ ಮಿಕ್ಸರ್ ಇರುತ್ತದೆ, ಅಲ್ಲಿಗೆ ಒಂದು ಡಿಐ ಬಾಕ್ಸ್ ಒಯ್ದರೆ ಮುಗಿಯಿತು. ಬೇಸನ್ನು ನೇರವಾಗಿ ಮಿಕ್ಸರಿನ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಸ್ವರ ಮಂಕಾಗುತ್ತದೆ. ನಡುವೆ ಆ ಪುಟ್ಟ ಡಬ್ಬಿ ಇದ್ದರೆ ತುಂಬಿ ಬರುತ್ತದೆ. ಇಡೀ ಸಾಮಾನಿನಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಕೆಲಸ ಮಾಡುವ ವಸ್ತು ಇನ್ನೊಂದಿಲ್ಲ.

ಉಳಿಸಿದ ಹಣದಲ್ಲಿ ಮೊದಲ ಪಾಲು ಸೆಟಪ್‌ಗೆ ಹೋಗಲಿ. ಅಗ್ಗದ ಬೇಸ್ ಕೆಟ್ಟದ್ದು ಎಂಬ ಮಾತಿನ ಬೇರು ಇಲ್ಲಿದೆ. ಪೆಟ್ಟಿಗೆ ಬಿಚ್ಚಿದ ಬೇಸ್ ಯಾರ ಕೈಯಲ್ಲೂ ಸರಿಯಾಗಿ ನುಡಿಯುವುದಿಲ್ಲ. ದುಬಾರಿ ವಾದ್ಯವನ್ನು ಅಂಗಡಿಯಲ್ಲೇ ಹದ ಮಾಡಿ ಕೊಡುತ್ತಾರೆ, ಅಗ್ಗದ್ದನ್ನು ಕೊರಿಯರ್‌ನವನು ಬಾಗಿಲಲ್ಲಿ ಇಟ್ಟು ಹೋಗುತ್ತಾನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸಾಗರದ ಕಡೆಯ ಡಿಗ್ರಿ ಓದುವ ಹುಡುಗನೊಬ್ಬ ತನ್ನ ಬೇಸ್ ತಂದಿದ್ದ. 'ಸಾರ್, ಬೆರಳು ಕಿತ್ತು ಬರುತ್ತೆ, ಒತ್ತಕ್ಕೇ ಆಗಲ್ಲ. ಮಾರಿಬಿಡ್ಲಾ?' ಎಂದ. ತಂತಿಗಳು ಹನ್ನೆರಡನೆಯ ಫ್ರೆಟ್ಟಿನ ಹತ್ತಿರ ಬೆರಳ ತುದಿ ನುಗ್ಗುವಷ್ಟು ಮೇಲೆದ್ದಿದ್ದವು. ನಾನು ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿದೆ. ಏಳು–ಎಂಟನೆಯ ಫ್ರೆಟ್ಟಿನ ಮೇಲೆ ತಂತಿಗೂ ಲೋಹಕ್ಕೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಲು ಅವನಿಗೆ ಹೇಳಿದೆ. ಒಂದು ಕಾರ್ಡ್ ಲಘುವಾಗಿ ತಾಗುತ್ತಾ ಹೋದರೆ ಕತ್ತು ಸರಿ ಇದೆ ಎಂದು ಲೆಕ್ಕ. ಅವನದ್ದರಲ್ಲಿ ಮೂರು ಕಾರ್ಡು ಒಟ್ಟಿಗೆ ಹೋದವು. ಮಲೆನಾಡಿನ ತೇವ ಕುಡಿದ ಮರ ತಂತಿಯ ಎಳೆತಕ್ಕೆ ಮುಂದಕ್ಕೆ ಬಾಗಿತ್ತು, ಅಷ್ಟೆ. ಕತ್ತಿನೊಳಗಿನ ಟ್ರಸ್ ರಾಡ್‌ಗೆ ಸರಿಯಾದ ಅಳತೆಯ ಆಲನ್ ಕೀ ಹಾಕಿ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದೆವು. ಶ್ರುತಿ ಮಾಡಿ ಮತ್ತೆ ನೋಡಿದೆವು, ಇನ್ನೊಂದು ಕಾಲು ಸುತ್ತು. ಒಮ್ಮೆಲೇ ಬಲ ಹಾಕಬಾರದು, ಮರ ಹೊಂದಿಕೊಳ್ಳಲು ಹೊತ್ತು ಬೇಕು. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಬ್ರಿಜ್ಜಿನ ಸ್ಯಾಡಲ್‌ಗಳನ್ನು ಇಳಿಸಿದೆವು. ಆಮೇಲೆ ಹನ್ನೆರಡನೆಯ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ ಅದೇ ಫ್ರೆಟ್ ಒತ್ತಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ, ಒತ್ತಿದ ಸ್ವರ ಏರಿದ್ದ ಕಡೆ ಸ್ಯಾಡಲನ್ನು ಹಿಂದಕ್ಕೆ ಸರಿಸಿದೆವು. ಅವನು ಕೂತು ನುಡಿಸಿದ, ಮತ್ತೆ ನುಡಿಸಿದ, ಮಾರುವ ಮಾತು ಎತ್ತಲಿಲ್ಲ. ಖರ್ಚು ಆಲನ್ ಕೀಯದ್ದು ಮಾತ್ರ.

ಬಳ್ಳಾರಿ, ರಾಯಚೂರು, ಕಲಬುರಗಿಯವರಿಗೆ ಇದರ ತದ್ವಿರುದ್ಧ ತೊಂದರೆ. ಮಾರ್ಚಿ ಬಂತೆಂದರೆ ಮರ ಒಣಗಿ ಕುಗ್ಗುತ್ತದೆ, ಕತ್ತು ನೆಟ್ಟಗಾಗಿ ತಂತಿ ಫ್ರೆಟ್ಟಿಗೆ ತಾಗಿ ಗುಂಯ್‌ಗುಡುತ್ತದೆ. ಫ್ರೆಟ್ಟಿನ ತುದಿಗಳು ಅಂಚಿನಿಂದ ಹೊರಚಾಚಿ ಗರಗಸದ ಹಲ್ಲಿನಂತೆ ಅಂಗೈಯನ್ನು ಗೀರುತ್ತವೆ. ಆಗ ಟ್ರಸ್ ರಾಡನ್ನು ಸ್ವಲ್ಪ ಸಡಿಲಿಸಬೇಕು, ತುದಿಗಳನ್ನು ಸಣ್ಣ ಅರದಿಂದ ಉಜ್ಜಬೇಕು. ಮಂಗಳೂರು, ಕಾರವಾರದವರು ನುಡಿಸಿದ ಮೇಲೆ ತಂತಿಯನ್ನು ಒಣ ಬಟ್ಟೆಯಿಂದ ಒರೆಸದೆ ಇಡಬಾರದು. ಉಪ್ಪುಗಾಳಿಗೆ ಬ್ರಿಜ್ಜಿನ ತಿರುಪುಗಳೂ ತುಕ್ಕು ಹಿಡಿಯುತ್ತವೆ. ಜ್ಯಾಕ್ ಗರಗರ ಎಂದರೆ, ವಾಲ್ಯೂಮ್ ತಿರುಗಿಸಿದಾಗ ಸದ್ದಾದರೆ ವಾದ್ಯ ಬದಲಿಸಬೇಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹೊಸ ಜ್ಯಾಕೂ ಪಾಟೂ ಚಿಲ್ಲರೆ ದುಡ್ಡಿಗೆ ಸಿಗುತ್ತವೆ, ನಿಮ್ಮೂರಿನ ಟಿವಿ ರಿಪೇರಿಯವರು ಬೆಸುಗೆ ಹಾಕಿಕೊಡುತ್ತಾರೆ. ಹಳೆಯ ತಂತಿಯನ್ನು ಬಿಚ್ಚಿ ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಒಣಗಿಸಿದರೆ ಸುರುಳಿಯೊಳಗಿನ ಕೊಳೆ ಬಿಟ್ಟು ಕೆಲವು ವಾರವಾದರೂ ಹೊಳಪು ಮರಳುತ್ತದೆ. ಹೊಸ ಸೆಟ್ಟಿನ ಬೆಲೆ ಗೊತ್ತಿರುವವರಿಗೆ ಇದರ ಬೆಲೆಯೂ ಗೊತ್ತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮನೆಯ ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಿಸಲು ಆಂಪಿನ ಅರ್ಥ್ ಪಿನ್ ಮುರಿಯುವವರನ್ನು, ಪೆಂಡಾಲುಗಳಲ್ಲಿ ಅರ್ಥಿಂಗೇ ಇಲ್ಲದೆ ಲೈನ್ ಎಳೆಯುವವರನ್ನು ನೀವೂ ಕಂಡಿದ್ದೀರಿ. ಬೇಸಿನ ತಂತಿ ಹಿಡಿದುಕೊಂಡೇ ಮೈಕಿಗೆ ತುಟಿ ತಾಗಿಸಿದಾಗ ಜುಮ್ಮೆಂದರೆ ಅದು ಎಚ್ಚರಿಕೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀ ಊರಿನ ವೇದಿಕೆಯ ಮೇಲೆ ಲೆಸ್ ಹಾರ್ವೇ ಎಂಬ ಗಿಟಾರ್ ವಾದಕ ಗಿಟಾರ್ ಹಿಡಿದು ಅರ್ಥ್ ಇಲ್ಲದ ಮೈಕ್ ಮುಟ್ಟಿ ಪ್ರಾಣ ಕಳೆದುಕೊಂಡ. ನಮ್ಮಲ್ಲಿ ಹಬ್ಬದ ದಿನ ಮಳೆ ಬಂದಿರುತ್ತದೆ, ನೆಲ ಒದ್ದೆಯಾಗಿರುತ್ತದೆ, ಕಾಲಲ್ಲಿ ಚಪ್ಪಲಿ ಇರುವುದಿಲ್ಲ. ಗಿಗ್ ಬ್ಯಾಗಿನಲ್ಲಿ ಒಂದು ಟೆಸ್ಟರ್ ಇರಲಿ. ನುಡಿಸುವ ಮೊದಲು ಮೈಕಿನ ಜಾಲರಿಗೂ ಬೇಸಿನ ಬ್ರಿಜ್ಜಿಗೂ ಮುಟ್ಟಿಸಿ ನೋಡಿ. ದೀಪ ಹತ್ತಿದರೆ, ಸಂಘಟಕರು ಎಷ್ಟೇ ಅವಸರ ಮಾಡಲಿ, ಸರಿಪಡಿಸುವ ತನಕ ನುಡಿಸಬೇಡಿ.

ಈಗ ಬ್ಯಾಂಡಿನ ವಿಷಯ. ಉಳಿದ ಹಣದ ಎರಡನೆಯ ಪಾಲು, ದೊಡ್ಡ ಪಾಲು, ಜಾಮ್ ರೂಮಿನ ಬಾಡಿಗೆಗೆ. ಬೇಸ್ ಒಬ್ಬರೇ ಕೂತು ಕಲಿತು ಮುಗಿಸುವ ವಾದ್ಯವಲ್ಲ. ಕೋಣೆಯಲ್ಲಿ ಕೂತು ವೇಗವಾಗಿ ನುಡಿಸಲು ಕಲಿತ ಎಷ್ಟೋ ಜನರಿಗೆ ಡ್ರಮ್ಮರ್ ಪಕ್ಕದಲ್ಲಿ ಒಂದೇ ಸ್ವರವನ್ನು ಎರಡು ನಿಮಿಷ ಹಿಡಿದು ನಡೆಸಲು ಬರುವುದಿಲ್ಲ. ಡ್ರಮ್ಮರನ ಬಲಗಾಲು ನೋಡಿ. ಆ ಪಾದ ಕಿಕ್ ಡ್ರಮ್ಮಿನ ಪೆಡಲ್ ಒತ್ತುವ ಕ್ಷಣಕ್ಕೇ ನಿಮ್ಮ ಬೆರಳೂ ತಂತಿ ಬಿಡಬೇಕು. ಎರಡೂ ಸೇರಿ ಒಂದೇ ಸದ್ದಾದಾಗ ಹಾಡುವವರ ಹೆಗಲು ಸಡಿಲವಾಗುವುದನ್ನು ನೀವು ಹಿಂದಿನಿಂದಲೇ ಕಾಣಬಹುದು. ಇಷ್ಟನ್ನು ಎಂಟು ಸಾವಿರದ ಬೇಸಿನಲ್ಲಿ ಮಾಡಿದವರು ಬ್ಯಾಂಡಿಗೆ ಬೇಕಾದವರು.

ಆರ್ಕೆಸ್ಟ್ರಾಕ್ಕೆ ಹೋಗುವವರಿಗೆ ಇನ್ನೊಂದು ವಿದ್ಯೆ ಬೇಕು. ಹಾಡುವವರು ಮೈಕ್ ಕೈಗೆತ್ತಿಕೊಂಡು ಹಿಂದೆ ತಿರುಗಿ 'ಕಪ್ಪು ಒಂದು' ಎನ್ನುತ್ತಾರೆ, ಅಷ್ಟೆ. ಅದು ಸಿ ಶಾರ್ಪ್, ಎ ತಂತಿಯ ನಾಲ್ಕನೆಯ ಫ್ರೆಟ್ ಎಂದು ಕೈಗೆ ಗೊತ್ತಿರಬೇಕು. ನೆನ್ನೆ ಬಿಳಿ ಎರಡರಲ್ಲಿ ನುಡಿಸಿದ ಹಾಡು ಇವತ್ತು ಗಂಟಲು ಕಟ್ಟಿದವರಿಗಾಗಿ ಕೆಳಗಿಳಿಯುತ್ತದೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತುತ್ತಾರೆ, ಗಿಟಾರಿನವರು ಕಾಪೋ ಹಾಕುತ್ತಾರೆ, ನಮಗೆ ತಲೆಯೇ ಗತಿ. ಈ ಆರ್ಕೆಸ್ಟ್ರಾ ವಾದಕರನ್ನು ನಮ್ಮ ರಾಕ್ ಬ್ಯಾಂಡಿನವರು ಕೀಳಾಗಿ ಕಾಣುವುದುಂಟು. ಇದು ನನಗೆ ತೀರಾ ನೋವಿನ ವಿಷಯ. ಒಂದು ರಾತ್ರಿಗೆ ಮೂವತ್ತು ಹಾಡು, ಪ್ರಾಕ್ಟೀಸ್ ಇಲ್ಲದೆ, ಕೇಳಿದ ಶ್ರುತಿಯಲ್ಲಿ ನುಡಿಸಬಲ್ಲವರಿಂದ ನಾವು ಕಲಿಯಬೇಕಾದ್ದು ಬೇಕಾದಷ್ಟಿದೆ.

ಜನಪದ, ತತ್ವಪದಗಳನ್ನು ಬ್ಯಾಂಡಿಗೆ ತರುವವರಿಗೂ ಒಂದು ಮಾತು. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ತಂಡ ಊರೂರಿಗೆ, ದೇಶವಿದೇಶಕ್ಕೆ ಒಯ್ದ ಮೇಲೆ ಪ್ರತಿ ಕಾಲೇಜು ಬ್ಯಾಂಡಿನಲ್ಲೂ ಒಂದು ತತ್ವಪದ ಇದ್ದೇ ಇರುತ್ತದೆ. ಒಳ್ಳೆಯದೇ. ಆದರೆ ಇಡೀ ಪದ ಒಂದೇ ಆಧಾರ ಸ್ವರದ ಮೇಲೆ ನಿಂತಿರುವಾಗ ಬೇಸ್ ಏನು ಮಾಡಬೇಕು? ಗಿಟಾರಿನವರು ತುರುಕಿದ ಕಾರ್ಡ್‌ಗಳ ಹಿಂದೆ ಓಡುವುದಕ್ಕಿಂತ ಷಡ್ಜ ಪಂಚಮದಲ್ಲೇ ನಿಂತು, ಸಾಲಿನ ಕೊನೆಯಲ್ಲಿ ಮಾತ್ರ ಒಂದು ಸಣ್ಣ ನಡೆ ಹಾಕಿದರೆ ಪದ ಎದ್ದು ಕೂರುತ್ತದೆ. ಡೊಳ್ಳು ಜೊತೆಗಿದ್ದರೆ ಇನ್ನೂ ಎಚ್ಚರ ಬೇಕು. ಡೊಳ್ಳಿನ ಗುಡುಗು ನಮ್ಮ ದಪ್ಪ ತಂತಿಯ ಜಾಗದಲ್ಲೇ ಬಂದು ಕೂರುತ್ತದೆ. ಇಬ್ಬರೂ ಅಲ್ಲೇ ನೂಕಾಡಿದರೆ ಕೆಳಗೆ ರಾಡಿ. ಡೊಳ್ಳು ಬಿದ್ದಾಗ ಬೇಸ್ ಒಂದು ಸ್ಥಾಯಿ ಮೇಲೇರಲಿ, ಇಲ್ಲವೇ ಆ ಪೆಟ್ಟು ಮುಗಿದ ಸಂದಿಯಲ್ಲಿ ಮಾತನಾಡಲಿ. ಇದನ್ನು ಯಾವ ವಿದೇಶಿ ಪಾಠವೂ ನಮಗೆ ಹೇಳಿಕೊಡುವುದಿಲ್ಲ. ನಮ್ಮ ಊರಿನ ಡೊಳ್ಳಿನವರ ಜೊತೆ ನಿಂತೇ ಕಂಡುಕೊಳ್ಳಬೇಕು, ಕಂಡುಕೊಂಡವರು ಉಳಿದವರಿಗೆ ಹೇಳಬೇಕು.

ಕೊನೆಯದಾಗಿ ನನ್ನ ಕೋರಿಕೆ. ನಿಮ್ಮ ಮನೆಯಲ್ಲಿ ಎರಡನೆಯ ಬೇಸ್ ಇದೆಯೆ? ಐದು ತಂತಿಯದ್ದು ಕೊಂಡ ಮೇಲೆ ಮೂಲೆಗೆ ಸೇರಿದ ನಾಲ್ಕು ತಂತಿಯದ್ದು, ಕೆಲಸ ಸಿಕ್ಕಿ ಬ್ಯಾಂಡ್ ಬಿಟ್ಟಾಗ ಹಾಗೇ ಉಳಿದದ್ದು, ಹೊರದೇಶಕ್ಕೆ ಹೋದ ತಮ್ಮ ಬಿಟ್ಟುಹೋದದ್ದು? ಅದನ್ನು ಹೊರಗೆ ತೆಗೆಯಿರಿ. ಮಾರುವುದಾದರೆ ಕಲಿಯುವವರಿಗೆ, ಅವರ ಕೈಗೆಟುಕುವ ಬೆಲೆಗೆ, ಕಂತಿನಲ್ಲಾದರೂ ಸರಿ, ಮಾರಿ. ಮಾರಲು ಮನಸ್ಸಿಲ್ಲದಿದ್ದರೆ ಒಂದು ವರ್ಷಕ್ಕೆ ಎರವಲು ಕೊಡಿ. ನುಡಿಸದೆ ಇಟ್ಟ ವಾದ್ಯದ ಕತ್ತು ಹೇಗೂ ಬಾಗುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಹುಡುಗಿಯರನ್ನು ಮೊದಲು ಕೇಳಿ. 'ಇದು ಭಾರ, ನಿನಗ್ಯಾಕೆ' ಎಂಬ ಮಾತನ್ನು ಅವರು ಅಂಗಡಿಯಲ್ಲಿ ಸಾಕಷ್ಟು ಸಲ ಕೇಳಿರುತ್ತಾರೆ. ಅಮೆರಿಕ, ಜರ್ಮನಿ, ದುಬೈಗಳಿಂದ ರಜೆಗೆ ಊರಿಗೆ ಬರುವ ನಮ್ಮವರೆ, ಚಾಕಲೇಟಿನ ಜೊತೆ ಒಂದು ಸೆಟ್ ಬೇಸ್ ತಂತಿ ಹಾಕಿಕೊಂಡು ಬಂದು ನಿಮ್ಮ ಹಳೆಯ ಕಾಲೇಜಿನ ಬ್ಯಾಂಡಿಗೆ ಕೊಡಿ.

ಕೊಡುವಾಗ ಬರೀ ವಾದ್ಯ ಕೊಟ್ಟು ಕೈತೊಳೆದುಕೊಳ್ಳಬೇಡಿ. ಕತ್ತು ಸರಿಮಾಡಿ, ತಂತಿ ಬದಲಿಸಿ, ಆ ಬೇಸ್‌ಗೆ ಹೊಂದುವ ಆಲನ್ ಕೀಯನ್ನು ಗಿಗ್ ಬ್ಯಾಗಿನ ಮುಂದಿನ ಜೇಬಿನಲ್ಲಿ ಹಾಕಿ. ವಿಸಿಟಿಂಗ್ ಕಾರ್ಡ್ ತೂರಿಸಿ ಕತ್ತು ನೋಡುವುದನ್ನು ಒಮ್ಮೆ ಎದುರಿಗೇ ತೋರಿಸಿ. ನಿಮ್ಮ ನಂಬರ್ ಕೊಡಿ, ಗುಂಯ್‌ಗುಡುತ್ತಿದೆ ಎಂದು ರಾತ್ರಿ ಹತ್ತಕ್ಕೆ ಫೋನ್ ಬಂದರೆ ಎತ್ತಿ. ನಿಮ್ಮ ಪರಿಚಯದ ಒಬ್ಬ ಡ್ರಮ್ಮರ್ ಜೊತೆ ಅವರನ್ನು ಒಂದು ಗಂಟೆ ಕೂರಿಸಿ. ಆ ಒಂದು ಗಂಟೆಯ ಬಾಡಿಗೆ ನೀವೇ ಕೊಡಿ. ಗೌರಿ ಹಬ್ಬಕ್ಕೆ ಒಂದೆರಡು ತಿಂಗಳು ಮುಂಚೆಯೇ ಈ ಕೆಲಸ ಆಗಲಿ. ಹಬ್ಬದ ಸಾಲಿಗೆ ಆರ್ಕೆಸ್ಟ್ರಾದವರು ಆಗಲೇ ಜನ ಹುಡುಕುತ್ತಿರುತ್ತಾರೆ, ಕಾಲೇಜುಗಳಲ್ಲಿ ಹೊಸ ಬ್ಯಾಂಡುಗಳು ಕೂಡುವುದೂ ಆಗಲೇ.

ಇಂತಿ,
ನಿಮ್ಮಲ್ಲೊಬ್ಬ ಬೇಸ್ ವಾದಕ